ಮಾಳದ ಹಳ್ಳಿ, ಮಗ್ಗುಲಲ್ಲಿ ಪೇಟೆ



ನಮ್ಮ ಸಮಾಜದ ಮನೆತನಗಳ ಅಡ್ಡಹೆಸರುಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿರಿ. ಲಗ್ನಪತ್ರಿಕೆಯಲ್ಲಿ, ಅಂಗಡಿಯ ಫಲಕದ ಮೇಲೆ, ಬಸದಿಯ ಗೋಡೆಗೆ ಕೂಡಿಸಿದ ದಾನಿಗಳ ಕಲ್ಲಿನಲ್ಲಿ ಎಷ್ಟೊಂದು ಹಳ್ಳಿಗಳ ಹೆಸರುಗಳಿವೆ! ಅಜ್ಜನೋ ಮುತ್ತಜ್ಜನೋ ಆ ಹಳ್ಳಿಯನ್ನು ಬಿಟ್ಟು ಪೇಟೆಗೆ ಬಂದು ಅಂಗಡಿ ಹಾಕಿದ. ಊರು ಹಿಂದೆ ಉಳಿಯಿತು, ಹೆಸರು ಬೆನ್ನಿಗೆ ಬಂತು. ಪೇಟೆ ಬೆಳೆಯಿತು, ನಾವೂ ಬೆಳೆದೆವು. ಆದರೆ ಪೇಟೆಗೆ ಕಾಳು, ಕಣಿಕೆ, ಹಾಲು, ದುಡಿಯುವ ಕೈ ಇವೆಲ್ಲ ಎಲ್ಲಿಂದ ಬರುತ್ತವೆ ಎಂಬುದನ್ನು ನಮ್ಮ ಮಕ್ಕಳು ಮರೆಯುತ್ತಿದ್ದಾರೆ. ಆದ್ದರಿಂದ ಈ ಸಲ ವ್ರತ-ಕಥೆಗಳನ್ನು ಬಿಟ್ಟು ಒಂದು ಸಣ್ಣ ಹಳ್ಳಿಯ ನೆವದಿಂದ ನಾಲ್ಕು ಮಾತು ಬರೆಯುತ್ತೇನೆ. ಆ ಹಳ್ಳಿಯ ಹೆಸರು ಸೋನ್ಯಾಳ.

ಸೋನ್ಯಾಳ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ಜಿಲ್ಲೆಯ ಠಾಣೆ ಸಾಂಗ್ಲಿ ಪಶ್ಚಿಮಕ್ಕೆ ದೂರ ಉಳಿಯಿತು. ಕರ್ನಾಟಕದ ವಿಜಯಪುರ ಅದಕ್ಕಿಂತ ಹತ್ತಿರ. ಕಾಗದ-ಪತ್ರಕ್ಕೆ ಒಂದು ಊರು, ಸಂತೆ-ಪೇಟೆಗೆ ಇನ್ನೊಂದು ಊರು, ಇದು ಈ ಭಾಗದ ಹಳ್ಳಿಗಳ ಹಣೆಬರಹ. ನಾನು ವಿಜಯಪುರದಲ್ಲಿ ಕಾಳಿನ ಅಡತಿ ಅಂಗಡಿಯಲ್ಲಿ ಆಯುಷ್ಯ ಕಳೆದವನು. ಜತ್ತ ಭಾಗದ ರೈತರ ಮುಖ, ಅವರ ಚೀಲ, ಅವರ ಖಾತೆ ನನಗೆ ಪರಿಚಯದವು. ಹೆಚ್ಚು ಓದಿದವನಲ್ಲ, ಕಂಡದ್ದನ್ನೂ ತಿಳಿದದ್ದನ್ನೂ ಬರೆಯುತ್ತೇನೆ.

ಹೆಸರೇ ಹೇಳುವ ಮಾತು

ಸೋನ್ಯಾಳ, ಮಾಡಗ್ಯಾಳ ಎಂಬ ಜತ್ತ ತಾಲೂಕಿನ ಹೆಸರುಗಳನ್ನು ಬಾಯಿಂದ ಅಂದು ನೋಡಿರಿ. ಆಮೇಲೆ ವಿಜಯಪುರ ಜಿಲ್ಲೆಯ ನಿಂಬಾಳ, ಜುಮನಾಳ, ಕನ್ನಾಳ ಎನ್ನಿರಿ. ಒಂದೇ ತಾಯಿಯ ಮಕ್ಕಳ ಹೆಸರು ಕೂಗಿದಂತೆ ಕೇಳುವದಿಲ್ಲವೆ? ಊರಿನ ಹೆಸರುಗಳನ್ನು ಹಿಡಿದು ಕನ್ನಡದ ಹಳೆಯ ನೆಲೆಯನ್ನು ಶೋಧಿಸಿದ ಶಂ.ಬಾ. ಜೋಶಿಯವರು ತಮ್ಮ ಜೀವಮಾನವನ್ನೇ ಇಂಥ ವಿಚಾರಕ್ಕೆ ಕೊಟ್ಟರು. ಹೆಸರುಗಳಿಗೆ ಗಡಿಯ ಕಲ್ಲು ಗೊತ್ತಿಲ್ಲ.

ರಾಜ್ಯಭಾರದ ಕಥೆಯೂ ಹಾಗೆಯೇ ಇದೆ. ಜತ್ತ ಡಫಳೆ ಮನೆತನದ ಸಂಸ್ಥಾನ. ಆದಿಲಶಾಹಿಯ ಕಾಲಕ್ಕೆ ದೇಶಮುಖಿ ಪಡೆದು ಬೆಳೆದ ಮನೆತನವದು. ಇಂಗ್ರೇಜರ ಆಳಿಕೆಯಲ್ಲಿ ಜತ್ತ ಮತ್ತು ಡಫಳಾಪುರ ಎರಡನ್ನೂ ಕೂಡಿಸಿ 'ಬಿಜಾಪುರ ಏಜೆನ್ಸಿ' ಎಂದು ಕರೆಯುತ್ತಿದ್ದರು. ಬಿಜಾಪುರದ ಕಲೆಕ್ಟರರೇ ಅದರ ಮೇಲ್ವಿಚಾರಣೆ ನೋಡುತ್ತಿದ್ದರು. ಅಂದರೆ ಆ ಕಾಲಕ್ಕೆ ಕಾಗದವೂ ಬಿಜಾಪುರದ ಕಡೆಗೇ ಮುಖ ಮಾಡಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆಯಾಗಿ ಜತ್ತ ಅದರ ಪಾಲಾಯಿತು. ಅದೇ ಜಿಲ್ಲೆಗೆ 1960ರಲ್ಲಿ ಸಾಂಗ್ಲಿ ಎಂದು ಹೆಸರು ಬಂತು. ಈ ನಡುವೆ 1956ರ ನವೆಂಬರ 1ರಂದು ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಜತ್ತ ಆಚೆಗೆ ಉಳಿಯಿತು. ನಿನ್ನೆಯವರೆಗೆ ಒಂದೇ ರಾಜ್ಯದ ಎರಡು ಊರುಗಳ ನಡುವೆ ಗೆರೆ ಬಿತ್ತು.

1966ರಲ್ಲಿ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಜತ್ತ ತಾಲೂಕಿನ ಕನ್ನಡ ಹಳ್ಳಿಗಳ ವಿಷಯವೂ ಅದರಲ್ಲಿ ಬಂದಿದೆ. ಆದರೆ ವರದಿ ಜಾರಿಯಾಗಲಿಲ್ಲ. ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದರ ನ್ಯಾಯ ನ್ಯಾಯಾಧೀಶರು ಹೇಳಲಿ. ನನ್ನಂಥ ವ್ಯಾಪಾರಿ ಹೇಳುವ ಮಾತು ಬೇರೆ: ಗೆರೆ ಬಿದ್ದರೂ ತಕ್ಕಡಿ ನಿಲ್ಲಲಿಲ್ಲ, ಬೀಗತನ ನಿಲ್ಲಲಿಲ್ಲ, ದೇವರ ದಾರಿ ನಿಲ್ಲಲಿಲ್ಲ.

ಗೆರೆಯನ್ನು ದಾಟುವ ದಾರಿಗಳು

ಜತ್ತ ತಾಲೂಕಿನ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಗುಡಿ ಇದೆ. ಛಟ್ಟಿ ಅಮಾವಾಸ್ಯೆ ಬಂತೆಂದರೆ ವಿಜಯಪುರದ ಕಡೆಯಿಂದ ಸಾಲುಗಟ್ಟಿ ಜನ ನಡೆದುಕೊಂಡು ಹೋಗುತ್ತಾರೆ. ದಾರಿಯುದ್ದಕ್ಕೂ ಅಂಗಡಿಕಾರರು ಚಹಾ, ಅವಲಕ್ಕಿ, ನೀರು ಇಟ್ಟುಕೊಂಡು ನಿಂತಿರುತ್ತಾರೆ. ನಡೆಯುವವರ ಜಾತಿಯನ್ನೂ ರಾಜ್ಯವನ್ನೂ ಯಾರೂ ಕೇಳುವದಿಲ್ಲ. ಅದೇ ತಾಲೂಕಿನ ಉಮದಿಯ ಭಾವುಸಾಹೇಬ ಮಹಾರಾಜರು (1843–1914) ಗಡಿಯ ಈಚೆಗಿರುವ ಇಂಚಗೇರಿಯಲ್ಲಿ ನೆಲೆ ಕಟ್ಟಿದರು. ಜಮಖಂಡಿಯಲ್ಲಿ ಹುಟ್ಟಿ ನಿಂಬಾಳದಲ್ಲಿ ಆಶ್ರಮ ಮಾಡಿದ ಗುರುದೇವ ರಾನಡೆಯವರು ಅವರ ಶಿಷ್ಯರು. ನಮ್ಮವರ ವಿಷಯಕ್ಕೆ ಬಂದರೆ, ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಸ್ಥಾಪನೆಯಾದದ್ದು ನಿಪ್ಪಾಣಿಯ ಹತ್ತಿರದ ಸ್ತವನಿಧಿಯಲ್ಲಿ. ಇಂದು ಅದರ ಕಚೇರಿ ಇರುವದು ಸಾಂಗ್ಲಿಯಲ್ಲಿ. ಸ್ತವನಿಧಿ ಈಗ ಕರ್ನಾಟಕದಲ್ಲಿದೆ, ಸಾಂಗ್ಲಿ ಮಹಾರಾಷ್ಟ್ರದಲ್ಲಿದೆ. ಸಭೆಯ ಕೆಲಸ ಎರಡೂ ಕಡೆ ನಡೆದೇ ಇದೆ.

ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಜತ್ತ ಕಡೆಯ ಒಬ್ಬ ಹಿರಿಯ ರೈತರು ಅಂದದ್ದು ನೆನಪಿದೆ: "ಸಾವಕಾರ್ರ, ನಮ್ಮ ಹೊಲದ ಉತಾರ ಮರಾಠ್ಯಾಗ ಐತಿ, ಹೊಲದಾಗಿನ ಹಾಡು ಕನ್ನಡದಾಗ ಐತಿ. ಎತ್ತಿಗೆ ಎರಡೂ ತಿಳೀತಾವ." ನಾವು ಪಹಣಿ ಅನ್ನುವ ಕಾಗದಕ್ಕೆ ಅಲ್ಲಿ 'ಸಾತ-ಬಾರಾ' ಎಂದು ಹೆಸರು. ಓದು ಬಾರದ ಮುದುಕಿಗೆ ಅದರ ಅಕ್ಷರವೂ ತಿಳಿಯದು, ಭಾಷೆಯೂ ಪೂರ್ತಿ ತಿಳಿಯದು. ಆಕೆಗೆ ಅದನ್ನು ಓದಿ ಹೇಳುವವನು ಶಾಲೆಗೆ ಹೋಗುವ ಮೊಮ್ಮಗ.

ಆ ಮೊಮ್ಮಗನ ಶಾಲೆಯ ಮಾತನ್ನೂ ಹೇಳಬೇಕು. ಜತ್ತ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಮಹಾರಾಷ್ಟ್ರ ಸರಕಾರದ ಪಠ್ಯಪುಸ್ತಕ ಸಂಸ್ಥೆ 'ಬಾಲಭಾರತಿ' 1967ರಲ್ಲಿ ಪುಣೆಯಲ್ಲಿ ಆರಂಭವಾಯಿತು. ಅದು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪುಸ್ತಕ ಹೊರಡಿಸುತ್ತದೆ. ಈ ಭಾಗದ ಕನ್ನಡ ಮಗು ಕನ್ನಡದಲ್ಲಿಯೇ ಶಿವಾಜಿ ಮಹಾರಾಜರ ಚರಿತ್ರೆ ಓದುತ್ತದೆ, ಮುಂದೆ ಮರಾಠಿಯನ್ನೂ ಕಲಿಯುತ್ತದೆ. ಹತ್ತನೆಯ ಇಯತ್ತೆ ಮುಗಿಯುವ ಹೊತ್ತಿಗೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಕಿವಿಗೆ ಬಿದ್ದಿರುತ್ತವೆ. ಇಂಥ ಹುಡುಗ ಅಂಗಡಿಯ ಗಲ್ಲೆಯ ಮೇಲೆ ಕುಳಿತರೆ ಯಾವ ಗಿರಾಕಿಯೂ ಹಿಂದೆ ಹೋಗುವದಿಲ್ಲ ಎಂಬುದು ವ್ಯಾಪಾರಿಗಳಾದ ನಮಗೆ ಬೇಗನೆ ತಿಳಿಯಬೇಕಾದ ಮಾತು.

ಹುಲ್ಲು ಎಂಬ ಬಂಡವಾಳ

ಈ ಭಾಗದ ನೆಲ ಎರಡು ಬಗೆ. ತಗ್ಗಿನಲ್ಲಿ ಎರಿ ಭೂಮಿ, ದಿನ್ನೆಯ ಮೇಲೆ ಮಡ್ಡಿ. ಎರಿಯಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ. ಮಡ್ಡಿಯಲ್ಲಿ ಸಜ್ಜೆ, ಮಟಕಿ, ಹುರುಳಿ. ಉಳಿದದ್ದು ಹುಲ್ಲಿನ ಮಾಳ. ಮಳೆ ಬಿದ್ದ ಎರಡು ತಿಂಗಳು ಹಸಿರು, ಮುಂದೆ ಬಂಗಾರದ ಬಣ್ಣ, ಬೇಸಿಗೆಯಲ್ಲಿ ಬರಿಯ ಕಲ್ಲು. ನೋಡಿದವರು 'ಬೀಳು ಭೂಮಿ' ಅನ್ನುತ್ತಾರೆ. ಹಾಗೆ ಅನ್ನುವದು ತಪ್ಪು. ಈ ಹುಲ್ಲೇ ಊರಿನ ಠೇವಣಿ.

ಮಾಡಗ್ಯಾಳದ ಹೆಸರನ್ನು ಈಗ ಇಡೀ ಮಹಾರಾಷ್ಟ್ರ ಬಲ್ಲದು. ಕಾರಣ ಅಲ್ಲಿಯ ಕುರಿ. ಎತ್ತರದ ಮೈಕಟ್ಟು, ಬಿಳಿಯ ಮೈಮೇಲೆ ಕಂದು ಮಚ್ಚೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಇವು ಮಾಡಗ್ಯಾಳ ತಳಿಯ ಗುರುತುಗಳು. ಕೆಲವು ವರ್ಷಗಳ ಹಿಂದೆ ಸಾಂಗ್ಲಿ ಜಿಲ್ಲೆಯದೇ ಆದ ಆಟಪಾಡಿಯ ಜಾತ್ರೆಯಲ್ಲಿ ಈ ತಳಿಯ ಒಂದು ಟಗರಿಗೆ 70 ಲಕ್ಷ ರೂಪಾಯಿ ಕೊಡುತ್ತೇವೆಂದು ಬಂದರೂ ಒಡೆಯ ಕೊಡಲಿಲ್ಲವೆಂದು ಪತ್ರಿಕೆಗಳಲ್ಲಿ ಬಂತು. ಅದರ ಬೆಲೆ ಇದ್ದದ್ದು ತಳಿ ಬೆಳೆಸುವದರಲ್ಲಿ. ಪ್ರಾಣಿಯ ಜೀವ ತೆಗೆಯುವ ವ್ಯಾಪಾರ ನಮ್ಮ ಧರ್ಮಕ್ಕೆ ಸಲ್ಲದು. ಅದನ್ನು ನಾವು ಹೊಗಳಬೇಕಾಗಿಲ್ಲ. ಆದರೆ ಕುರುಬರ ಬದುಕಿನಲ್ಲಿ ಕಂಬಳಿ ಇದೆ, ಹಾಲು ಇದೆ, ಎಲ್ಲಕ್ಕೂ ಮಿಗಿಲಾಗಿ ಗೊಬ್ಬರ ಇದೆ. ಸುಗ್ಗಿ ಮುಗಿದ ಹೊಲದಲ್ಲಿ ಒಂದೆರಡು ರಾತ್ರಿ ಕುರಿ ನಿಲ್ಲಿಸಿದರೆ ಮುಂದಿನ ವರ್ಷದ ಜೋಳದ ತೆನೆ ತೂಗುತ್ತದೆ. ಅದಕ್ಕಾಗಿ ರೈತರು ಕುರುಬರಿಗೆ ಕಾಳು ಕೊಡುವ ಪದ್ಧತಿ ನಮ್ಮ ಕಡೆ ಮೊದಲಿನಿಂದ ಇದೆ. ಹುಲ್ಲು, ಕುರಿ, ಗೊಬ್ಬರ, ಜೋಳ, ಪೇಟೆ ಹೀಗೆ ಸರಪಳಿ. ಮೊದಲ ಕೊಂಡಿ ಹುಲ್ಲು.

ಹುಲ್ಲಿನ ನೆಲವನ್ನು ಕೆಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೇರಿಕದ ಉದಾಹರಣೆ ಇದೆ. ಅಲ್ಲಿಯ ನಡುನಾಡಿನಲ್ಲಿ ಪ್ರೇರಿ ಎಂಬ ದೊಡ್ಡ ಹುಲ್ಲಿನ ಬಯಲು. ಗೋದಿಯ ಧಾರಣೆ ಏರಿದಾಗ ಟ್ರ್ಯಾಕ್ಟರ ಹೂಡಿ ಹುಲ್ಲನ್ನೆಲ್ಲ ಕಿತ್ತರು. 1930ರ ನಂತರ ಮಳೆ ಕೈಕೊಟ್ಟಿತು. ಹಿಡಿದುಕೊಳ್ಳಲು ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ 14ರಂದು ಎದ್ದ ಧೂಳಿನ ಮೋಡ ಹಗಲನ್ನೇ ಕತ್ತಲು ಮಾಡಿತು. ಆ ದಿನವನ್ನು ಅವರು ಇಂದಿಗೂ 'ಕಪ್ಪು ರವಿವಾರ' ಎನ್ನುತ್ತಾರೆ. ಲಕ್ಷಗಟ್ಟಲೆ ಜನ ಊರು ಬಿಟ್ಟರು. ಅದೇ ವರ್ಷ ಅಲ್ಲಿಯ ಸರಕಾರ ಮಣ್ಣು ಕಾಯಲು ಬೇರೆ ಖಾತೆಯನ್ನೇ ತೆರೆಯಿತು.

ನಮ್ಮ ಕಡೆ ಆ ವಿಚಾರ ಎರಡು ವರ್ಷ ಮೊದಲೇ ಬಂದಿತ್ತು ಎಂಬುದು ಹೆಮ್ಮೆಯ ಮಾತು. 1933ರಲ್ಲಿ ಸೋಲಾಪುರ ಮತ್ತು ಬಿಜಾಪುರಗಳಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರಗಳು ಆರಂಭವಾದವು. ಹೊಲಕ್ಕೆ ಅಡ್ಡ ಒಡ್ಡು ಹಾಕಿರಿ, ಬೀಜ ಕಡಿಮೆ ಬಿತ್ತಿರಿ, ಸಾಲು ಅಗಲ ಇಡಿರಿ, ಮೇಲಿಂದ ಮೇಲೆ ಎಡಿ ಹೊಡೆದು ಹಸಿ ಕಾಯಿರಿ ಎಂದು ಅವರು ಕಲಿಸಿದರು. ಅನೇಕ ಮಾತು ನಮ್ಮ ಅಜ್ಜಂದಿರಿಗೆ ಗೊತ್ತಿದ್ದವೇ. ಇಂದಿಗೂ ಇದಕ್ಕಿಂತ ದೊಡ್ಡ ಮಂತ್ರ ಒಣ ಹೊಲಕ್ಕೆ ಬಂದಿಲ್ಲ.

ಈ ಮಾಳದಲ್ಲಿ ಮನುಷ್ಯರಷ್ಟೇ ಇಲ್ಲ. ಚಿಗರಿ, ತೋಳ, ನರಿ, ಹುಲ್ಲಿನಲ್ಲಿ ತತ್ತಿ ಇಡುವ ಹಕ್ಕಿಗಳು, ಇವುಗಳ ಮನೆಯೂ ಅದೇ. 'ಮಾಳಢೋಕ' ಎಂಬ ದೊಡ್ಡ ಹಕ್ಕಿಗೆ ಮಾಳದ ಹೆಸರೇ ಬಂದಿದೆ. ಅದರ ಸಲುವಾಗಿ 1979ರಲ್ಲಿ ಸೋಲಾಪುರದ ನಾನಜ ಭಾಗದಲ್ಲಿ ಅಭಯಾರಣ್ಯ ಮಾಡಿದರು. ಆದರೂ ಆ ಹಕ್ಕಿ ಇಂದು ಕಣ್ಣಿಗೆ ಬೀಳುವದೇ ದುರ್ಲಭವಾಗಿದೆ. ಗಾಯರಾಣವೆಲ್ಲ ಉಳುಮೆಗೆ, ಕಟ್ಟಡಕ್ಕೆ ಹೋದರೆ ಮೂಕ ಜೀವಿಗಳು ಎಲ್ಲಿಗೆ ಹೋಗಬೇಕು? ಇರುವೆಗೆ ಸಕ್ಕರೆ ಹಾಕುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆಯ ಚರ್ಚೆಯೂ ಆಗಬೇಕು.

ನೀರು ಏಕೆ ಬರುವದಿಲ್ಲ?

ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ. ಮೋಡ ಸಹ್ಯಾದ್ರಿಯಲ್ಲಿಯೇ ಭಾರ ಇಳಿಸಿ, ಹಗುರಾಗಿ ಪೂರ್ವಕ್ಕೆ ಬರುತ್ತದೆ. ಜತ್ತದ ಪಾಲಿಗೆ ಉಳಿಯುವದು ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ಅದೂ ಹೇಳಿದ ದಿನಕ್ಕೆ ಬರುವದಿಲ್ಲ.

ಇನ್ನೊಂದು ಕಾರಣ ನೆಲದ ಏರು. ಜತ್ತ ತಾಲೂಕು ಕೃಷ್ಣೆ ಮತ್ತು ಭೀಮೆಯ ನಡುವಿನ ಬೆನ್ನಿನ ಮೇಲೆ ಕುಳಿತಿದೆ. ಮನೆಯ ಮಾಳಿಗೆಯ ಮೇಲೆ ಬಿದ್ದ ನೀರು ಎರಡೂ ಕಡೆಗೆ ಇಳಿದು ಹೋಗುವಂತೆ ಇಲ್ಲಿಯ ಮಳೆ ನೀರು ಇಳಿದು ಹೋಗುತ್ತದೆ. ಬೋರ ಹಳ್ಳ ಭೀಮೆಯ ಕಡೆಗೆ ಹರಿಯುತ್ತದೆ. ಡೋಣಿ ನದಿ ಜತ್ತದ ಕಡೆ ಹುಟ್ಟಿ ವಿಜಯಪುರ ಜಿಲ್ಲೆಯ ಸಾರವಾಡ, ತಾಳಿಕೋಟೆಗಳ ಮೇಲಿಂದ ಕೃಷ್ಣೆಗೆ ಸೇರುತ್ತದೆ. 'ಡೋಣಿ ಹರಿದರೆ ಓಣಿಯೆಲ್ಲಾ ಕಾಳು' ಎಂಬ ಗಾದೆ ನಮ್ಮ ಪೇಟೆಯ ಪ್ರತಿ ಅಡತಿದಾರನ ಬಾಯಲ್ಲಿದೆ. ಆದರೆ ಆ ಡೋಣಿ ಹುಟ್ಟುವ ತಾಲೂಕು ನೀರಿಗಾಗಿ ಕೊಡ ಹಿಡಿದು ನಿಲ್ಲುತ್ತದೆ ಎಂಬುದನ್ನು ನಾವು ಎಷ್ಟು ಜನ ಬಲ್ಲೆವು?

2016ರ ಏಪ್ರಿಲ 11ರಂದು ಮಿರಜದಿಂದ ಒಂದು ರೈಲು ಹೊರಟಿತು. ಹತ್ತು ಡಬ್ಬಿ, ಸುಮಾರು 5 ಲಕ್ಷ ಲೀಟರ ನೀರು. ಬರದಿಂದ ಬಾಯಾರಿದ ಲಾತೂರಿಗೆ ಮರುದಿನ ಮುಟ್ಟಿತು. ಮುಂದೆ ಅನೇಕ ದಿನ ಅಂಥ ರೈಲುಗಳು ಓಡಿದವು. ಮಾಡಿದ ಕೆಲಸ ಪುಣ್ಯದ್ದು. ಮಿರಜದಿಂದ ಪಂಢರಪುರದ ಕಡೆಗೆ ಹೋಗುವ ಆ ಹಳಿಯ ಮೇಲೆ 'ಜತ್ ರೋಡ್' ಎಂಬ ಒಂದು ಸಣ್ಣ ಸ್ಟೇಶನ್ನು ಇದೆ. ಜತ್ತ ಪೇಟೆ ಅಲ್ಲಿಂದ ದೂರವೇ ಉಳಿಯಿತು. ನೀರಿನ ರೈಲು ಜತ್ತದ ಹೆಸರಿನ ಸ್ಟೇಶನ್ನು ದಾಟಿ ಹೋಯಿತು; ಜತ್ತದ ಹಳ್ಳಿಗಳಿಗೆ ಟ್ಯಾಂಕರವೇ ಗತಿ.

ಮೂರು ವರ್ಷ ಕಳೆದು 2019ರ ಆಗಸ್ಟದಲ್ಲಿ ಸಾಂಗ್ಲಿಯಲ್ಲಿ ಮಹಾಪೂರ ಬಂತು. ಆಯರ್ವಿನ್ ಪೂಲಿನ ಹತ್ತಿರ ಕೃಷ್ಣೆ 57 ಅಡಿ ಮೀರಿ ಏರಿದಳು. ಪೇಟೆಯ ಅಂಗಡಿಗಳು, ಗೋದಾಮುಗಳು ಮುಳುಗಿದವು. ನಮ್ಮ ಸಮಾಜದ ಅನೇಕ ವ್ಯಾಪಾರಸ್ಥರು ಹಾನಿ ಅನುಭವಿಸಿದರು. ಅದೇ ಹೊತ್ತಿನಲ್ಲಿ ಅದೇ ಜಿಲ್ಲೆಯ ಜತ್ತ ಭಾಗದಲ್ಲಿ ಟ್ಯಾಂಕರ ಓಡುತ್ತಿದ್ದವು. ಒಂದೇ ಕಲೆಕ್ಟರರ ಜಿಲ್ಲೆ. ಪಶ್ಚಿಮಕ್ಕೆ ನಾವೆ, ಪೂರ್ವಕ್ಕೆ ಟ್ಯಾಂಕರ.

ನೀರು ಮೇಲೆ ಏರಿಸುವ ಯತ್ನ ನಡೆದಿಲ್ಲವೆಂದಲ್ಲ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ, ಹಂತ ಹಂತವಾಗಿ ಪೂರ್ವಕ್ಕೆ ಕೊಡುವ ಯೋಜನೆ ಇದೆ. ಏರು ನೀರಿಗೆ ಕರೆಂಟು ಬೇಕು, ಕರೆಂಟಿಗೆ ಹಣ ಬೇಕು. ಬಿಲ್ಲು ಬಾಕಿ ಉಳಿದು ಪಂಪು ನಿಂತ ದಿನಗಳೂ ಇದ್ದವು. ಆಮೇಲೆ ಬಿಲ್ಲಿನ 81 ಪಾಲು ಸರಕಾರ, 19 ಪಾಲು ರೈತರು ಎಂಬ ಲೆಕ್ಕ ಬಂತು. ಆದರೂ ಕಾಲುವೆಯ ಕೊನೆಗಿರುವ ಪೂರ್ವದ ಕನ್ನಡ ಹಳ್ಳಿಗಳಿಗೆ ಪಾಳಿ ಬರಲಿಲ್ಲ. ಬೇಸತ್ತ ಸುಮಾರು 40 ಹಳ್ಳಿಗಳು ಕರ್ನಾಟಕಕ್ಕೆ ಸೇರುವೆವೆಂದು ಹಿಂದೆ ಠರಾವು ಮಾಡಿದ್ದವು. ಆ ಮಾತನ್ನು 2022ರ ನವೆಂಬರದಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಎತ್ತಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದಿತು. ಅದೇ ದಿನಗಳಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಜತ್ತದ ತಿಕೋಂಡಿ ಭಾಗದ ಕೆರೆಗೆ ಬಂತು. ಜನ ಕೆರೆಯ ದಂಡೆಗೆ ಹೋಗಿ ನೀರಿಗೆ ಕೈ ಮುಗಿದರು. 2023ರ ಆರಂಭಕ್ಕೆ ಮಹಾರಾಷ್ಟ್ರ ಸರಕಾರವೂ ವಂಚಿತವಾಗಿ ಉಳಿದ 65 ಹಳ್ಳಿಗಳ ಸಲುವಾಗಿ ವಿಸ್ತಾರಿತ ಮ್ಹೈಸಾಳ ಯೋಜನೆಯನ್ನು ಕೈಗೆತ್ತಿಕೊಂಡಿತು. ಬಾಯಾರಿದವನಿಗೆ ಯಾರ ಕೊಡ ಎಂಬುದು ಮುಖ್ಯವಲ್ಲ, ನೀರು ಮುಖ್ಯ.

ಪೇಟೆಯವರು ಮಾಡಬಹುದಾದದ್ದು

ನೀರಿಲ್ಲದ ಊರಿನ ತರುಣ ಏನು ಮಾಡಬೇಕು? ದಸರೆ ಮುಗಿಯುತ್ತಲೇ ಗಂಡ-ಹೆಂಡತಿ ಕುಡಗೋಲು ಹಿಡಿದು ಕಬ್ಬು ಕಡಿಯಲು ಹೋಗುತ್ತಾರೆ. ಮನೆಯಲ್ಲಿ ಮುದುಕರು, ಶಾಲೆಯಲ್ಲಿ ಖಾಲಿ ಜಾಗ. ಮಕ್ಕಳು ಕಡಿಮೆಯಾದರೆ ಶಾಲೆ ಉಳಿಯುವದಿಲ್ಲ. ಶಾಲೆ ಹೋದರೆ ಕನ್ನಡ ಹೋಗುತ್ತದೆ. ಊರು ಬರಿಯ ನಕಾಶೆಯ ಮೇಲೆ ಉಳಿಯುತ್ತದೆ. ಹೀಗೆ ಹೊರಟವರಿಗೆ ಊರಿನಲ್ಲಿಯೇ ಕೆಲಸ ಕೊಡಬೇಕೆಂಬ ವಿಚಾರ ಇದೇ ಸಾಂಗ್ಲಿ ಜಿಲ್ಲೆಯವರದು. ತಾಸಗಾಂವ ತಾಲೂಕಿನ ವಿಸಾಪುರದ ವಿ.ಸ. ಪಾಗೆಯವರು ಮುಂದಿಟ್ಟ ಉದ್ಯೋಗ ಖಾತ್ರಿಯೇ 1972ರ ಬರದಲ್ಲಿ ಮಹಾರಾಷ್ಟ್ರವನ್ನು ಕಾಯಿತು. ಮುಂದೆ 2005ರಲ್ಲಿ ದೇಶದ ಕಾಯದೆಯಾಗುವದಕ್ಕೆ ಅದೇ ಮಾದರಿಯಾಯಿತು.

ನಮ್ಮ ಸಮಾಜದ ಉದಾಹರಣೆಯೂ ಇದೆ. ಶಾಂತಿಲಾಲ ಮುಥಾ ಅವರು 1985ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತೀಯ ಜೈನ ಸಂಘಟನೆ ಬರದ ಹಳ್ಳಿಗಳ ನೀರಿನ ಕೆಲಸಕ್ಕೆ ಇಳಿಯಿತು. ಪಾನಿ ಫೌಂಡೇಶನ್ನಿನ ಜಲ ಸ್ಪರ್ಧೆಯಲ್ಲಿ ಊರವರು ಗುದ್ದಲಿ-ಬುಟ್ಟಿ ಹಿಡಿದು ಶ್ರಮದಾನ ಮಾಡಿದರೆ, 2018ರಲ್ಲಿ ಮಣ್ಣು ಅಗೆಯುವ ಯಂತ್ರಗಳನ್ನು ಸಂಘಟನೆ ಒದಗಿಸಿತು. ಬೆವರು ಹಳ್ಳಿಯದು, ಯಂತ್ರ ಪೇಟೆಯದು. ಇದು ದಾನವೆಂದು ಬೀಗುವ ಮಾತಲ್ಲ, ಪಾಲುಗಾರಿಕೆ.

ನಾವೆಲ್ಲರೂ ಅಷ್ಟು ದೊಡ್ಡ ಕೆಲಸ ಮಾಡಲಾರೆವು. ಆದರೆ ಪ್ರತಿ ಮನೆಗೂ ಸಾಧ್ಯವಾದ ಕೆಲವು ಕೆಲಸಗಳಿವೆ.

ಮೊದಲನೆಯದು ತೂಕ ಮತ್ತು ರೊಕ್ಕ. ಒಣ ಹೊಲದ ರೈತ ವರ್ಷಕ್ಕೆ ಒಂದೇ ಸಲ ಚೀಲ ತರುತ್ತಾನೆ. ಅವನ ಪಟ್ಟಿಯನ್ನು ಅದೇ ದಿನ ಚುಕ್ತಾ ಮಾಡಿರಿ. ಎರಡು ತಿಂಗಳು ಸತಾಯಿಸಿ ಕೊಟ್ಟ ರೊಕ್ಕ ಬಿತ್ತಿಗೆಗೆ ಒದಗುವದಿಲ್ಲ. ಅಚೌರ್ಯ ಅಣುವ್ರತ ತಕ್ಕಡಿಯಿಂದಲೇ ಆರಂಭವಾಗುತ್ತದೆ.

ಎರಡನೆಯದು ಕೆರೆ. ಮನೆಯಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಆದಾಗ ಹಾರ-ತುರಾಯಿಯ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ನಿಮ್ಮ ಹಿರಿಯರ ಊರಿನ ಹೊಂಡದ ಹೂಳು ತೆಗೆಸಲು ಕೊಡಿರಿ. ಆ ಹೂಳು ಮಡ್ಡಿ ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಗಾಳಿಸಿ ಕುಡಿಯುವ ಜನ ನಾವು. ಗಾಳಿಸಲಿಕ್ಕೆ ಮೊದಲು ನೀರಿರಬೇಕು.

ಮೂರನೆಯದು ಮೇವು. ಬರದ ವರ್ಷ ದನಗಳು ಕಟುಕರ ಕೈಗೆ ಹೋಗುವದು ರೈತನಿಗೆ ಪ್ರೀತಿಯಿಲ್ಲವೆಂದಲ್ಲ, ಮೇವಿಲ್ಲವೆಂದು. ಚೈತ್ರದಲ್ಲಿ ಒಂದು ಬಂಡಿ ಕಣಿಕೆ ಕೊಟ್ಟರೆ ಒಂದು ಜೋಡು ಎತ್ತು ಊರಿನಲ್ಲಿ ಉಳಿದೀತು. ಜೀವದಯೆಯ ಪೆಟ್ಟಿಗೆಗೆ ಹಾಕಿದ ರೊಕ್ಕಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣದು.

ನಾಲ್ಕನೆಯದು ಶಾಲೆ. ಗಡಿಯಾಚೆಯ ಕನ್ನಡ ಶಾಲೆಗೆ ಕನ್ನಡದ ಕಥೆ ಪುಸ್ತಕಗಳ ಒಂದು ಕಪಾಟು ದೊಡ್ಡ ಖರ್ಚಿನದಲ್ಲ. ಪಠ್ಯಪುಸ್ತಕ ಸರಕಾರ ಕೊಡುತ್ತದೆ. ಓದುವ ರುಚಿ ಹತ್ತಿಸುವ ಪುಸ್ತಕವನ್ನು ನಾವು ಕೊಡಬೇಕು.

ಊರು ಸಣ್ಣದೆಂದು, ಮಾಳ ಬಂಜೆಯೆಂದು ಪೇಟೆಯವರು ಎಂದೂ ಅನ್ನಬಾರದು. ಅಂಗಡಿಯ ಜಮಾ-ಖರ್ಚಿನಲ್ಲಿ ಪ್ರತಿ ವರ್ಷ ಪಾಡ್ಯದ ದಿನ ನಾವು ಯಾರು ನಮಗೆ ಕೊಡತಕ್ಕವರು ಎಂದು ಮೊದಲು ನೋಡುತ್ತೇವೆ. ಈ ವರ್ಷ ಆ ಪುಟವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟು, ನಾವು ಯಾರಿಗೆ ಕೊಡತಕ್ಕವರು ಎಂಬ ಪುಟವನ್ನು ತೆರೆಯೋಣ. ಸೋನ್ಯಾಳದಂಥ ಹಳ್ಳಿಗಳ ಹೆಸರು ಅಲ್ಲಿ ಬಾಕಿ ಇದೆ.

ಜೈ ಜಿನೇಂದ್ರ.